ಮಾತ್ರೆ ಖರ್ಚು ತಿಂಗಳಿಗೆ ಸಾವಿರ ದಾಟಿತು. ಹುಡುಗ ಪೆಟ್ಟು ತಿಂದ ವಿಷಯ ಡಾಕ್ಟರಿಗೆ ಹೇಳಬೇಕಾ?

ಮೂಲ್ಕಿ ಚಿಕ್ಕಮ್ಮ

ಅಕ್ಕನ ಮಗ ನಮ್ಮ ಜೊತೆ ಇದ್ದಾನೆ. ಆರನೇ ಕ್ಲಾಸು. ಅಕ್ಕ ತೀರಿಕೊಂಡ ಮೇಲೆ ಭಾವ ಕುಡಿದು ಬಂದು ಅವನಿಗೆ ಹೊಡೆಯುತ್ತಿದ್ದರು. ಬೆಲ್ಟು, ಹುಣಸೆ ಅಡರು, ಕೈಗೆ ಸಿಕ್ಕಿದ್ದು. ಊಟ ಕೊಡದೆ ರಾತ್ರಿ ಜಗಲಿಯಲ್ಲಿ ನಿಲ್ಲಿಸಿದ್ದೂ ಉಂಟು. ಕೊನೆಗೆ ಅಜ್ಜಿಯೇ ಹೋಗಿ ಕರೆದುಕೊಂಡು ಬಂದರು.

ಇಲ್ಲಿಗೆ ಬಂದ ಮೇಲೆ ಶಾಲೆಯಿಂದ ದೂರು ಶುರುವಾಯಿತು. ಒಂದು ಕಡೆ ಕೂರುವುದಿಲ್ಲ. ಪಾಠದ ಕಡೆ ಗಮನ ಇಲ್ಲ. ಯಾರಾದರೂ ಹಿಂದಿನಿಂದ ಬಂದು ಮುಟ್ಟಿದರೆ ತಿರುಗಿ ಹೊಡೆದೇ ಬಿಡುತ್ತಾನೆ. ರಾತ್ರಿ ನಿದ್ದೆ ಇಲ್ಲ. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ತೋರಿಸಿದೆವು. ಈಗ ಮೂರು ಮಾತ್ರೆ. ಗಮನಕ್ಕೆ ಮಿಥೈಲ್‌ಫೆನಿಡೇಟ್, ಸಿಟ್ಟಿಗೆ ರಿಸ್ಪೆರಿಡೋನ್, ಬೇಜಾರಿಗೆ ಫ್ಲೂಒಕ್ಸೆಟಿನ್. ಮೊದಲು ಒಂದೇ ಇತ್ತು. ಪ್ರತಿ ಸಲ ಹೋದಾಗ ಒಂದೊಂದು ಸೇರಿತು. ಸಿಟ್ಟು ಕಡಿಮೆಯಾಗಿದೆ, ನಾನು ಸುಳ್ಳು ಹೇಳುವುದಿಲ್ಲ. ಆದರೆ ತೂಕ ಏರುತ್ತಾ ಇದೆ.

ಮಾತ್ರೆಗೇ ತಿಂಗಳಿಗೆ ಸಾವಿರದ ನೂರು ಚಿಲ್ಲರೆ. ಡಾಕ್ಟರ್ ಫೀಸು ಬೇರೆ, ಇಬ್ಬರ ಬಸ್ಸು ಬೇರೆ, ನನ್ನ ಒಂದು ದಿನದ ಹೊಲಿಗೆ ಕೆಲಸ ಹೋಯಿತು. ಮನೆಯವರು ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಜೂನ್, ಜುಲೈ ಮೀನುಗಾರಿಕೆಗೆ ರಜೆ. ಕಳೆದ ಮಳೆಗಾಲದಲ್ಲಿ ದುಡ್ಡಿಲ್ಲದೆ ಮಾತ್ರೆ ನಿಂತುಹೋಗಿ ಹುಡುಗ ಮತ್ತೆ ಮೊದಲಿನ ಹಾಗೇ ಆದ.

ಮನೆಯಲ್ಲಿ ಏನಾಗಿತ್ತು ಅಂತ ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ. ಅತ್ತೆ, ಅಜ್ಜಿ ಇಬ್ಬರೂ ಹೇಳುವುದೇ ಬೇಡ ಅನ್ನುತ್ತಾರೆ. ಹೇಳಿದರೆ ಪೊಲೀಸ್ ಕೇಸ್ ಆಗುತ್ತದಂತೆ. ಹೌದಾ? ಇಷ್ಟು ಮಾತ್ರೆ ಎಷ್ಟು ವರ್ಷ?

ಹಂಪನಕಟ್ಟೆ ಮೆಡಿಕಲ್

ನಾನು ಮೆಡಿಕಲ್ ಅಂಗಡಿಯವನು. ನಿಮ್ಮ ಬಿಲ್ಲು ಮುಂದೆ ಇಟ್ಟುಕೊಂಡು ನೋಡಿ. ದುಡ್ಡು ಹೆಚ್ಚು ತಿನ್ನುತ್ತಿರುವುದು ಆ ಗಮನದ ಮಾತ್ರೆ. ರಿಸ್ಪೆರಿಡೋನ್, ಫ್ಲೂಒಕ್ಸೆಟಿನ್ ಎರಡೂ ಹಳೆಯ ಔಷಧ. ಹತ್ತಾರು ಕಂಪನಿ ಮಾಡುತ್ತವೆ. ಜನೌಷಧಿಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತವೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಮಾತ್ರ ಇದ್ದರೆ ಒಳಗಿನ ಔಷಧದ ಹೆಸರನ್ನೂ ಬರೆದುಕೊಡಿ ಅಂತ ಡಾಕ್ಟರಿಗೆ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಮಿಥೈಲ್‌ಫೆನಿಡೇಟ್ ಕಥೆ ಬೇರೆ. ಅದು ಷೆಡ್ಯೂಲ್ ಎಕ್ಸ್ ಔಷಧ. ಅದನ್ನು ಮಾರಲು ಅಂಗಡಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ನಾವು ಎರಡು ವರ್ಷ ಇಟ್ಟುಕೊಳ್ಳಬೇಕು. ಈ ರಗಳೆಗೆ ಹೆದರಿ ಸಣ್ಣ ಊರಿನ ಅಂಗಡಿಯವರು ಅದನ್ನು ತರಿಸುವುದೇ ಇಲ್ಲ. ಹಾಗಾಗಿ ಮೂಲ್ಕಿ, ಪಡುಬಿದ್ರಿಯವರು ಅದೊಂದಕ್ಕಾಗಿ ಮಂಗಳೂರಿಗೋ ಮಣಿಪಾಲಕ್ಕೋ ಬಸ್ ಹತ್ತುತ್ತಾರೆ. ಆ ಬಸ್ ಚಾರ್ಜನ್ನು ಯಾರೂ ಮಾತ್ರೆಯ ಲೆಕ್ಕಕ್ಕೆ ಸೇರಿಸುವುದಿಲ್ಲ.

ಮತ್ತೆ, 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ 12ರಿಂದ 5 ಶೇಕಡಕ್ಕೆ ಇಳಿದಿದೆ. ನಿಮ್ಮ ಬಿಲ್ಲಿನಲ್ಲಿ ಇಳಿದಿದೆಯಾ ನೋಡಿ.

ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಆದರೆ ಬ್ರ್ಯಾಂಡನ್ನು ನೀವಾಗಿ ಬದಲಿಸಬೇಡಿ. ಡಾಕ್ಟರಿಗೆ ಹೇಳಿ ಬದಲಿಸಿ.

ಕಾಪು ದೀಪಸ್ತಂಭ

ಕೋಪ ಮಾಡಿಕೊಳ್ಳಬೇಡಿ. ನಮ್ಮ ಅಪ್ಪ ಹುಣಸೆ ಅಡರು ಮುರಿಯುವವರೆಗೆ ಹೊಡೆದಿದ್ದಾರೆ. ಶಾಲೆಯಲ್ಲಿ ಮಾಸ್ಟ್ರು ನಾಗರಬೆತ್ತ. ಮನೆಗೆ ಬಂದು ಹೇಳಿದರೆ ಇನ್ನೆರಡು. ನಾವೆಲ್ಲ ಸರಿಯಾಗಿಯೇ ಇದ್ದೇವಲ್ಲ? ಈಗಿನ ಮಕ್ಕಳಿಗೆ ಎಂಥದ್ದಕ್ಕೂ ಒಂದು ಕಾಯಿಲೆಯ ಹೆಸರು, ಅದಕ್ಕೊಂದು ಮಾತ್ರೆ. ಆಸ್ಪತ್ರೆಗಳಿಗೆ ವ್ಯಾಪಾರ. ಹುಡುಗನನ್ನು ಆಟಕ್ಕೆ ಬಿಡಿ, ಸಮುದ್ರಕ್ಕೆ ಕರೆದುಕೊಂಡು ಹೋಗಿ, ಸರಿಯಾಗುತ್ತಾನೆ.

ಬ್ರಹ್ಮಾವರ ಟೀಚರ್

ಕಾಪುವಿನವರೇ, ಪೆಟ್ಟು ತಿಂದು ಸರಿ ಇಲ್ಲದವರು ಈ ಚರ್ಚೆಗೆ ಬಂದು ಬರೆಯುವುದಿಲ್ಲ. ಅಷ್ಟೇ ವ್ಯತ್ಯಾಸ.

ಆಟಕ್ಕೆ ಬಿಡುವ ಮಾತು ಒಪ್ಪುತ್ತೇನೆ. ಆದರೆ ಚಿಕ್ಕಮ್ಮ ಬರೆದ ಒಂದು ಸಾಲು ನೋಡಿ: ಹಿಂದಿನಿಂದ ಮುಟ್ಟಿದರೆ ಹೊಡೆಯುತ್ತಾನೆ. ಇಂಥ ಮಕ್ಕಳು ನನ್ನ ಕ್ಲಾಸಿನಲ್ಲಿ ಇದ್ದರು. ಬಾಗಿಲು ಜೋರಾಗಿ ಬಡಿದರೆ ಸಾಕು, ಬೆಂಚಿನಿಂದ ಎದ್ದು ನಿಲ್ಲುತ್ತಾರೆ. ಯಾರ ಮುಖ ಹೇಗಿದೆ, ಯಾರ ಕೈ ಎಲ್ಲಿದೆ ಅಂತ ನೋಡುತ್ತಲೇ ಇರುತ್ತಾರೆ. ಪಾಠ ಹೇಗೆ ತಲೆಗೆ ಹೋಗುತ್ತದೆ? ಟೀಚರುಗಳ ಕಣ್ಣಿಗೆ ಅದು "ಗಮನ ಇಲ್ಲ". ನಾವು ಹಾಗೇ ಬರೆದು ಕಳಿಸುತ್ತೇವೆ. ಡಾಕ್ಟರ ಕೈಗೆ ಹೋಗುವುದು ನಮ್ಮ ಆ ಚೀಟಿ.

ಶಾಲೆಯಲ್ಲಿ ಈಗ ಅವನಿಗೆ ಯಾರಾದರೂ ಹೊಡೆಯುತ್ತಾರಾ ಅಂತ ವಿಚಾರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಹೊಡೆಯುವಂತೆಯೂ ಇಲ್ಲ, ಮಾನಸಿಕ ಹಿಂಸೆ ಕೊಡುವಂತೆಯೂ ಇಲ್ಲ. ಕಾಯ್ದೆ ಬಂದ ಮಾತ್ರಕ್ಕೆ ಎಲ್ಲ ಕಡೆ ಬೆತ್ತ ಹೋಗಿದೆ ಅಂದುಕೊಳ್ಳಬೇಡಿ.

ಮಣಿಪಾಲ ನೈಟ್‌ಶಿಫ್ಟ್

ಸರಿ ಇಲ್ಲದವನು ಒಬ್ಬ ಬರೆಯುತ್ತಿದ್ದೇನೆ ಟೀಚರ್.

ನನಗೀಗ ನಲವತ್ತು ದಾಟಿದೆ. ಚಿಕ್ಕಂದಿನಲ್ಲಿ ಮಾವನ ಮನೆಯಲ್ಲಿ ಬೆಳೆದೆ. ಏನೇನಾಯಿತು ಅಂತ ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಕಾಲೇಜು ಮುಗಿಯುವವರೆಗೂ ಚೆನ್ನಾಗಿಯೇ ಇದ್ದೆ. ರ‍್ಯಾಂಕೂ ಬಂದಿತ್ತು. ಮೂವತ್ತರ ಹೊತ್ತಿಗೆ ಕುಸಿದೆ. ಅಲ್ಲಿಂದ ಮಾತ್ರೆ. ಒಂದು ಕೆಲಸ ಮಾಡಲಿಲ್ಲ ಅಂತ ಇನ್ನೊಂದು, ಅದರ ಜೊತೆಗೆ ಮತ್ತೊಂದು. ಬಾಲ್ಯದ ವಿಷಯ ಒಬ್ಬ ಡಾಕ್ಟರು ಕೇಳಿದ್ದು ತುಂಬಾ ವರ್ಷದ ನಂತರ.

ಆಮೇಲೆ ಈ ಬಗ್ಗೆ ಓದುತ್ತಾ ಹೋದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಎಂಬ ವೈದ್ಯರು 17,000ಕ್ಕೂ ಹೆಚ್ಚು ಜನರನ್ನು ಬಾಲ್ಯದ ಬಗ್ಗೆ ಕೇಳಿದರು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ ಇಂಥವು. 1998ರಲ್ಲಿ ಮೊದಲ ವರದಿ ಬಂತು. 2007ರಲ್ಲಿ ಅದೇ ತಂಡ ಆ ಜನರಲ್ಲಿ ಯಾರು ಮನೋರೋಗದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಅಂತ ತಾಳೆ ನೋಡಿತು. ಇಂಥ ಅನುಭವ ಐದು ಅಥವಾ ಹೆಚ್ಚು ಇದ್ದವರಿಗೆ, ಒಂದೂ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಮಾತ್ರೆ ಬರೆಯಲಾಗಿತ್ತು. ದಶಕಗಳ ಹಿಂದಿನ ಪೆಟ್ಟಿಗೆ ಇವತ್ತಿನ ಬಿಲ್ಲು. ನನ್ನ ಮಾವ ಒಂದು ರೂಪಾಯಿ ಕೊಟ್ಟಿಲ್ಲ, ಅದು ಬೇರೆ ಮಾತು.

ಕಂಪನಿಯ ವಿಮೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ನನ್ನ ಪಾಲಿಸಿಯಲ್ಲಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು. ನಾನು ದಾಖಲಾಗುವುದಿಲ್ಲ, ದಿನಾ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತೇನೆ. ಹಾಗಾಗಿ ಎಲ್ಲ ನನ್ನ ಜೇಬಿನಿಂದ.

ಲೆಕ್ಕ ತಪ್ಪದವ

ಸಹಾನುಭೂತಿ ಇದೆ. ಆದರೆ ಒಂದು ತಕರಾರು. ಬಾಲ್ಯದಲ್ಲಿ ಪೆಟ್ಟು ತಿಂದವರು ಹೆಚ್ಚು ಮಾತ್ರೆ ತೆಗೆದುಕೊಳ್ಳುತ್ತಾರೆ ಅಂದರೆ ಪೆಟ್ಟೇ ಕಾರಣ ಅಂತ ಆಗುವುದಿಲ್ಲ ಅಲ್ವಾ? ಅಪ್ಪ ಕುಡುಕ ಆಗಿದ್ದರೆ ಅವನಿಗೂ ಖಿನ್ನತೆ ಇದ್ದಿರಬಹುದು, ಅದು ರಕ್ತದಲ್ಲೇ ಮಗನಿಗೆ ಬಂದಿರಬಹುದು. ಬಡತನವೂ ಇರಬಹುದು. ಸಿಕ್ಕಾಪಟ್ಟೆ ಪೆಟ್ಟು ತಿಂದೂ ಯಾವ ಮಾತ್ರೆ ಇಲ್ಲದೆ ಬದುಕುವವರು ಎಷ್ಟೋ ಜನ.

ಮಣಿಪಾಲ ನೈಟ್‌ಶಿಫ್ಟ್

ಬಡತನದ ಮಾತು ಆ ಅಧ್ಯಯನಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಅವರಲ್ಲಿ ಹೆಚ್ಚಿನವರು ಕಾಲೇಜು ಕಂಡವರು, ಆರೋಗ್ಯ ವಿಮೆ ಇದ್ದ ಮಧ್ಯಮ ವರ್ಗದವರು. ರಕ್ತದ ಮಾತು ಒಪ್ಪುತ್ತೇನೆ. ಅದು ಪೂರ್ತಿ ಬಿಡಿಸಲು ಆಗದ ಗಂಟು.

ವೆಲೆನ್ಸಿಯಾ ಎಂಎಸ್‌ಡಬ್ಲ್ಯು

ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿದ್ದೇನೆ. ಚಿಕ್ಕಮ್ಮ ಕೇಳಿದ್ದಕ್ಕೆ ನೇರ ಉತ್ತರ: ಹೇಳಲೇಬೇಕು. ಮುಂದಿನ ಸಲ ಹೋದಾಗಲೇ ಹೇಳಿ. ಹುಡುಗನನ್ನು ಹೊರಗೆ ಕೂರಿಸಿ ಮೊದಲು ನೀವು ಒಬ್ಬರೇ ಹೇಳಿದರೂ ಆಯಿತು.

ಕಾರಣ ಇದು. ನಿದ್ದೆ ಇಲ್ಲ, ಗಮನ ಇಲ್ಲ, ತಟ್ಟನೆ ಸಿಟ್ಟು. ಇಷ್ಟನ್ನೇ ಕೇಳಿದ ಡಾಕ್ಟರಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ ಕಾಣಬಹುದು. ಇದೇ ಮೂರು ಲಕ್ಷಣ ಹಿಂಸೆ ಅನುಭವಿಸಿದ ಮಗುವಿಗೂ ಇರಬಹುದು, ಆಘಾತದ ನಂತರ ಉಳಿಯುವ ಆ ಕಾಯಿಲೆಯನ್ನು ಪಿಟಿಎಸ್‌ಡಿ ಅನ್ನುತ್ತಾರೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಹಾಗಾಗಿ ನಿಮ್ಮ ಡಾಕ್ಟರು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅರ್ಧ ಕಥೆ ಕೇಳಿ ಬರೆದ ಚೀಟಿ ಅದು. ಮೊದಲ ಮಾತ್ರೆಗೆ ಸಿಟ್ಟು ಇಳಿಯದಿದ್ದಾಗ ಎರಡನೆಯದು, ಬೇಜಾರು ಹೋಗದಿದ್ದಾಗ ಮೂರನೆಯದು ಬರುತ್ತದೆ. ಮಕ್ಕಳ ಚೀಟಿ ಉದ್ದವಾಗುವುದು ಹೆಚ್ಚಾಗಿ ಹೀಗೆಯೇ.

ಮಕ್ಕಳ ಪಿಟಿಎಸ್‌ಡಿಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ. ಟಿಎಫ್‌-ಸಿಬಿಟಿ ಅಂತ ಒಂದು ಮಾತಿನ ಚಿಕಿತ್ಸೆ ಇದೆ. ಮಗುವಿನ ಜೊತೆಗೆ ಸಾಕುವವರನ್ನೂ ಕೂರಿಸಿಕೊಂಡು ಮಾಡುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಂತೂ 18ರ ಒಳಗಿನವರ ಪಿಟಿಎಸ್‌ಡಿಗೆ ಮಾತ್ರೆ ಕೊಡಲೇಬೇಡಿ ಅನ್ನುತ್ತದೆ. ನಮ್ಮಲ್ಲಿ ತೊಂದರೆ ಏನೆಂದರೆ ಮಾತ್ರೆ ಎಲ್ಲ ಕಡೆ ಸಿಗುತ್ತದೆ, ಆ ಮಾತುಕತೆ ಸಿಗುವುದಿಲ್ಲ. ರೋಶನಿ ನಿಲಯದಂಥ ಹಳೆಯ ಸಮಾಜ ಕಾರ್ಯದ ಕಾಲೇಜು ಇರುವ ಊರು ಮಂಗಳೂರು, ಮೆಡಿಕಲ್ ಕಾಲೇಜುಗಳೂ ಬೇಕಾದಷ್ಟು. ಆದರೂ ಒಪಿಡಿಯಲ್ಲಿ ಒಂದು ಮಗುವಿಗೆ ಮುಕ್ಕಾಲು ಗಂಟೆ ಕೊಡುವವರು ಕಡಿಮೆ.

ಇದು ಇಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಮನೆಯಿಂದ ತೆಗೆದು ಸಾಕುಮನೆಗೆ ಹಾಕಿದ ಮಕ್ಕಳ ಬಗ್ಗೆ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2011ರಲ್ಲಿ ವರದಿ ಕೊಟ್ಟಿತು. ಐದು ರಾಜ್ಯಗಳ 2008ರ ಲೆಕ್ಕ. ಸರ್ಕಾರಿ ವಿಮೆಯಲ್ಲಿರುವ ಬೇರೆ ಮಕ್ಕಳಿಗಿಂತ ಈ ಮಕ್ಕಳಿಗೆ 2.7ರಿಂದ 4.5 ಪಟ್ಟು ಹೆಚ್ಚು ಮನೋರೋಗದ ಮಾತ್ರೆ ಬರೆಯಲಾಗಿತ್ತು. ಆ ದುಡ್ಡು ಸರ್ಕಾರದ್ದು, ಆದ್ದರಿಂದ ಅಲ್ಲಿ ಲೆಕ್ಕ ಕೇಳಿದರು. ಇಲ್ಲಿ ದುಡ್ಡು ಚಿಕ್ಕಮ್ಮನದ್ದು. ಯಾರು ಕೇಳುತ್ತಾರೆ?

ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ ಇವತ್ತು ರಾತ್ರಿಯಿಂದ ಮಾತ್ರೆ ನಿಲ್ಲಿಸಬೇಡಿ. ರಿಸ್ಪೆರಿಡೋನ್ ಆಗಲಿ ಫ್ಲೂಒಕ್ಸೆಟಿನ್ ಆಗಲಿ, ಕಡಿಮೆ ಮಾಡಬೇಕಾದರೆ ಡಾಕ್ಟರು ಹೇಳಿದ ಹಾಗೆ ಮೆಲ್ಲ ಮೆಲ್ಲ ಮಾಡಬೇಕು. ಫ್ಲೂಒಕ್ಸೆಟಿನ್ ಕೆಲಸ ತೋರಿಸಲು ಕೆಲವು ವಾರ ಬೇಕು. ಶುರುವಿನಲ್ಲಿ, ಡೋಸ್ ಬದಲಾದಾಗ ಮಗು ಸಾಯುವ ಮಾತಾಡುತ್ತಾನಾ, ಚಡಪಡಿಸುತ್ತಾನಾ ಅಂತ ಗಮನಿಸಿ. ಹಾಗಾದರೆ ಕಾಯಬೇಡಿ, ಕೂಡಲೇ ಡಾಕ್ಟರಿಗೆ ತಿಳಿಸಿ. ತೂಕ ಏರುವುದು ರಿಸ್ಪೆರಿಡೋನ್‌ನಿಂದ ಇರಬಹುದು, ಅದನ್ನೂ ಹೇಳಿ. ರಾತ್ರಿ ಏನಾದರೂ ಗಾಬರಿಯಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ.

ಮೂಲ್ಕಿ ಚಿಕ್ಕಮ್ಮ

ತುಂಬಾ ಥ್ಯಾಂಕ್ಸ್. ಮಾತ್ರೆ ನಿಲ್ಲಿಸುವುದಿಲ್ಲ.

ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ ಅಂತ ಒಮ್ಮೆ ಹೇಳಿದ್ದರು. ಒಂದು ಸಲಕ್ಕೆ ಎಂಟುನೂರು ಕೇಳಿದರು, ವಾರಕ್ಕೊಮ್ಮೆ ಬರಬೇಕು ಅಂದರು. ನಾವು ಸುಮ್ನೆ ಎದ್ದು ಬಂದೆವು. ಮಾತ್ರೆಯಾದರೆ ಕೈಯಲ್ಲಿ ಹಿಡಿದುಕೊಂಡು ಬರಬಹುದು. ಬರೀ ಮಾತಿಗೆ ಎಂಟುನೂರಾ ಅಂತ ಮನೆಯವರೂ ಹೇಳಿದರು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ ಅನ್ನುತ್ತಾರೆ, ನಮ್ಮ ರೂಟಿನಲ್ಲಿ ಓಡುವುದೆಲ್ಲ ಖಾಸಗಿ ಬಸ್. ಸರ್ಕಾರಿ ಬಸ್ಸಿಗೆ ಕಾದರೆ ಟೋಕನ್ ಮುಗಿದಿರುತ್ತದೆ.

ಪೊಲೀಸ್ ವಿಷಯ ಯಾರೂ ಹೇಳಲಿಲ್ಲ. ಭಾವ ಎಷ್ಟಾದರೂ ಅಪ್ಪ. ನಾಳೆ ಬಂದು ಮಗನನ್ನು ಕೊಡಿ ಅಂದರೆ ಎಂಥ ಮಾಡುವುದು?

ಕೊಡಿಯಾಲ್‌ಬೈಲ್ ಕರಿಕೋಟು

ವಕೀಲೆ. ಒಂದೊಂದಾಗಿ ಹೇಳುತ್ತೇನೆ.

ಯಾವ ಅಪರಾಧವನ್ನು ಕಡ್ಡಾಯವಾಗಿ ತಿಳಿಸಬೇಕು ಎಂಬುದರಲ್ಲೇ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಡಾಕ್ಟರು, ಟೀಚರು, ನೆರೆಮನೆಯವರು, ಯಾರೇ ಆಗಲಿ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಶಿಕ್ಷೆ ಇದೆ. ಮಗುವಿನ ಗುರುತು ಹೊರಗೆ ಬರುವಂತಿಲ್ಲ. ಹೊಡೆತಕ್ಕೆ ಅಂಥ ಕಡ್ಡಾಯ ಇಲ್ಲ. ಡಾಕ್ಟರಿಗೆ ಹೇಳಿದ ತಕ್ಷಣ ಪೊಲೀಸ್ ಮನೆಗೆ ಬರುತ್ತಾರೆ ಅನ್ನುವುದು ಬರೀ ಹೆದರಿಕೆ. ಹಾಗಂತ ಹೊಡೆತ ಅಪರಾಧ ಅಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಮಗುವನ್ನು ನೋಡಿಕೊಳ್ಳಬೇಕಾದವರೇ ಕ್ರೌರ್ಯ ಮಾಡಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಪ್ಪನಿಗೂ ಇದು ಅನ್ವಯಿಸುತ್ತದೆ.

ಭಾವ ಬಂದು ಕೇಳಿದರೆ ಎಂಬ ಭಯಕ್ಕೆ ದಾರಿ ಮಕ್ಕಳ ಕಲ್ಯಾಣ ಸಮಿತಿ. ಎಲ್ಲ ಜಿಲ್ಲೆಗಳಲ್ಲೂ ಇದೆ. ಈಗ ಹುಡುಗ ನಿಮ್ಮ ಮನೆಯಲ್ಲಿ ಇರುವುದಕ್ಕೆ ಕಾಗದ ಯಾವುದೂ ಇಲ್ಲ. ಸಮಿತಿಯ ಮುಂದೆ ಹೋಗಿ, ನಡೆದದ್ದು ಹೇಳಿ, ಹುಡುಗನನ್ನು ನಿಮ್ಮ ಹತ್ತಿರವೇ ಇಡಲು ಆದೇಶ ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ.

ಅದೇ ಕಾಗದ ಇನ್ನೊಂದಕ್ಕೂ ಉಪಯೋಗ. ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ. ಹೀಗೆ ಸಂಬಂಧಿಕರ ಮನೆಯಲ್ಲಿ ಬೆಳೆಯುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಆದಾಯದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಬೇರೆ ಕಡೆ 96,000. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಈ ಮಿತಿ ನಿಜಕ್ಕೂ ಕಡಿಮೆ, ಬೋಟಿನ ಕೆಲಸದವರೂ ಹೊರಗೆ ಉಳಿಯುವ ಹಾಗೆ ಇದೆ. ಆದರೂ ಹಾಕಿ ನೋಡಿ.

ಅಜ್ಜರಕಾಡು ಅಮ್ಮ

ಮಾತ್ರೆ ಖರ್ಚಿನ ಬಗ್ಗೆ ನನ್ನ ಅನುಭವ. ನನ್ನ ಮಗಳಿಗೂ ಖಾಸಗಿಯಲ್ಲೇ ಶುರು ಮಾಡಿದ್ದೆವು. ಆಮೇಲೆ ಜಿಲ್ಲಾಸ್ಪತ್ರೆಗೆ ಬದಲಿಸಿದೆವು. ಮಂಗಳೂರಿನವರಿಗೆ ವೆನ್ಲಾಕ್ ಉಂಟು, ಉಡುಪಿಯವರಿಗೆ ಅಜ್ಜರಕಾಡು. ಮನೋಚೈತನ್ಯ ಅಂತ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ವ್ಯವಸ್ಥೆ ಉಂಟು. ನಿಮಗೆ ಹತ್ತಿರದ್ದು ಯಾವುದು ಅಂತ ಆಶಾ ಕಾರ್ಯಕರ್ತೆಗೆ ಕೇಳಿ. ಹೋಗುವ ಮೊದಲು ಫೋನ್ ಮಾಡಿ, ಡಾಕ್ಟರು ರಜೆಯಲ್ಲಿದ್ದರೆ ದಿನ ದಂಡ.

ಕೆಲವು ಮಾತ್ರೆ ಅಲ್ಲಿ ಫ್ರೀ ಸಿಗುತ್ತದೆ. ಕೆಲವು ಸಲ ಸ್ಟಾಕ್ ಇರುವುದಿಲ್ಲ, ಹೊರಗೆ ಬರೆದುಕೊಡುತ್ತಾರೆ. ಅಂಥ ತಿಂಗಳಿಗೆ ಅಂತ ಸ್ವಲ್ಪ ದುಡ್ಡು ಮುಂಚೆಯೇ ಉಳಿಸಿಕೊಳ್ಳಿ, ನಿಮಗೆ ಜೂನ್‌ಗೂ ಆಯಿತು.

ಕೊಡಿಯಾಲ್‌ಬೈಲ್ ಕರಿಕೋಟು

ಇದು ಯಾರ ದಯೆಯೂ ಅಲ್ಲ. ಅದೇ 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಂ ಪ್ರಕಾರ ಅಗತ್ಯ ಔಷಧ ಪಟ್ಟಿಯಲ್ಲಿರುವ ಮನೋರೋಗದ ಔಷಧ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಉಚಿತವಾಗಿ ಸಿಗಬೇಕು. ಸ್ಟಾಕ್ ಇಲ್ಲ ಅಂದರೆ ಬರೆದುಕೊಡಿ ಅನ್ನಿ. ಬರೆದುಕೊಡಿ ಅಂದ ಕೂಡಲೇ ಕೆಲವೊಮ್ಮೆ ಸ್ಟಾಕ್ ಬರುತ್ತದೆ.

ಪಡುಬಿದ್ರಿ ಹೊಯಿಗೆ

ಯಾರೂ ಹೇಳದ ಖರ್ಚು ಒಂದು ಉಂಟು. ಆಸ್ಪತ್ರೆಗೆ ಹೋಗುವ ಮೊದಲು ನಮ್ಮ ಮನೆಯಲ್ಲಿ ಜ್ಯೋತಿಷ್ಯದವರ ಹತ್ತಿರ ಪ್ರಶ್ನೆ ಇಡಿಸಿದ್ದಕ್ಕೆ, ನೂಲು ಕಟ್ಟಿಸಿದ್ದಕ್ಕೆ, ಪರಿಹಾರಕ್ಕೆ ಅಂತ ಹೋದ ದುಡ್ಡು ವರ್ಷದ ಮಾತ್ರೆಗಿಂತ ಜಾಸ್ತಿ. ದೈವದ ಬಗ್ಗೆ ನನಗೆ ಭಕ್ತಿಯೇ ಇದೆ. ಆದರೆ ಅಲ್ಲಿಯೂ "ಮಗುವಿಗೆ ಯಾರು ಹೊಡೆಯುತ್ತಾರೆ" ಅಂತ ಯಾರೂ ಕೇಳಲಿಲ್ಲ. ಪ್ರೇತದ ಸೋಂಕು ಅಂದರು.

ಲೆಕ್ಕ ತಪ್ಪದವ

ನಾನು ಹುಡುಕಿದ್ದು ಇಲ್ಲಿ ಹಾಕುತ್ತೇನೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕುಟುಂಬಗಳು ಚಿಕಿತ್ಸೆಗೆ ಮತ್ತು ಓಡಾಟಕ್ಕೆ ತಿಂಗಳಿಗೆ 1,000ದಿಂದ 1,500 ರೂಪಾಯಿ ಖರ್ಚು ಮಾಡುತ್ತಿದ್ದವು ಅಂತ ಇದೆ. ಚಿಕ್ಕಮ್ಮನ ಬಿಲ್ಲು ಅಲ್ಲಿಗೇ ಬಂತು. ಓಡಾಟವನ್ನೂ ಅವರು ಸೇರಿಸಿದ್ದಾರೆ, ಮೆಡಿಕಲ್‌ನವರು ಹೇಳಿದ್ದು ಸರಿ.

ಇನ್ನೊಂದು, ಕೇಂದ್ರ ಸರ್ಕಾರದ 2007ರ ಮಕ್ಕಳ ದೌರ್ಜನ್ಯ ಅಧ್ಯಯನ. 13 ರಾಜ್ಯ, 12,447 ಮಕ್ಕಳು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡವರು. ನಮ್ಮ ಮೇಲೆ ಗೋವಾ, ಕೆಳಗೆ ಕೇರಳ ಎರಡೂ ಅದರಲ್ಲಿವೆ, ಕರ್ನಾಟಕ ಇಲ್ಲ. ಹಾಗಂತ ನಮ್ಮ ಕರಾವಳಿ ಬೇರೆ ಥರ ಇರಬಹುದು ಅಂತ ನನಗೇನೂ ಅನಿಸುವುದಿಲ್ಲ.

ಕಾಪು ದೀಪಸ್ತಂಭ

ಎಲ್ಲರೂ ನನಗೇ ಬೈದ ಹಾಗಿದೆ. ಬೆಲ್ಟಿನಲ್ಲಿ ಹೊಡೆಯುವುದನ್ನು ನಾನು ಒಪ್ಪಲಿಲ್ಲ, ಮಾರಾಯ್ರೆ. ಎರಡು ಪೆಟ್ಟಿಗೂ ಇದಕ್ಕೂ ವ್ಯತ್ಯಾಸ ಇದೆ. ಮೂರು ಮಾತ್ರೆ ಆರನೇ ಕ್ಲಾಸಿನ ಹುಡುಗನಿಗೆ ಹೆಚ್ಚಾಯಿತು ಎಂದು ನಾನೂ ಹೇಳಿದ್ದು, ಎಂಎಸ್‌ಡಬ್ಲ್ಯುನವರೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದು.

ವೆಲೆನ್ಸಿಯಾ ಎಂಎಸ್‌ಡಬ್ಲ್ಯು

ಅಲ್ಲ. ಕೆಲವು ಮಕ್ಕಳಿಗೆ ಮೂರೂ ಬೇಕಾಗಬಹುದು. ರಾತ್ರಿ ನಿದ್ದೆಯೇ ಇಲ್ಲದ ಮಗುವಿನ ಜೊತೆ ಕೂತು ಮಾತಾಡಿ ಪ್ರಯೋಜನ ಇಲ್ಲ, ಮಾತ್ರೆ ಕೊಟ್ಟು ಮೊದಲು ನಿದ್ದೆ ಮಾಡಿಸಬೇಕಾಗುತ್ತದೆ. ಗೊತ್ತಿದ್ದು ಬರೆಯಲಿ ಎಂಬುದಷ್ಟೇ ನನ್ನ ಮಾತು.

ಮೂಲ್ಕಿ ಚಿಕ್ಕಮ್ಮ

ಹೇಳಿದೆ. ಅದೇ ಡಾಕ್ಟರಿಗೇ ಹೇಳಿದೆ, ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆ. ಅವರು ಪೆನ್ ಕೆಳಗಿಟ್ಟು ಪೂರ್ತಿ ಕೇಳಿದರು. ಮೊದಲೇ ಹೇಳಬಾರದಿತ್ತಾ ಅಂದರು. ಮೊದಲೇ ಕೇಳಬಾರದಿತ್ತಾ ಅಂತ ಅಜ್ಜಿ ತಿರುಗಿ ಕೇಳಿದರು. ನನಗೆ ನಗು ತಡೆಯಲು ಕಷ್ಟ ಆಯಿತು.

ಯಾವ ಮಾತ್ರೆಯನ್ನೂ ಈಗಲೇ ನಿಲ್ಲಿಸಿಲ್ಲ. ರಿಸ್ಪೆರಿಡೋನ್ ಸ್ವಲ್ಪ ಕಡಿಮೆ ಮಾಡಿದ್ದಾರೆ. ಗಮನದ ಮಾತ್ರೆ ಬೇಕಾ ಬೇಡವಾ ಅಂತ ದಸರಾ ರಜೆ ಆದ ಮೇಲೆ ನೋಡೋಣ ಅಂದರು. ವೆನ್ಲಾಕ್‌ಗೆ ಒಂದು ಪತ್ರ ಕೊಟ್ಟಿದ್ದಾರೆ. ಅಲ್ಲಿ ಮಾತಾಡಿಸುವವರು ಸಿಗುತ್ತಾರಾ ನೋಡಬೇಕು. ಹುಡುಗನೂ ದಾರಿಯಲ್ಲಿ ಏನೇನೋ ಹೇಳಿದ, ಅದನ್ನು ಇಲ್ಲಿ ಬರೆಯುವುದಿಲ್ಲ.

ವಕೀಲರೇ, ಸಮಿತಿಗೆ ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು? ಅಕ್ಕನ ಮರಣ ಪ್ರಮಾಣಪತ್ರ ಭಾವನ ಹತ್ತಿರವೇ ಇದೆ.

ಕೊಡಿಯಾಲ್‌ಬೈಲ್ ಕರಿಕೋಟು

ಮರಣ ಪ್ರಮಾಣಪತ್ರಕ್ಕೆ ಭಾವನ ಹತ್ತಿರ ಹೋಗಬೇಡಿ. ನೋಂದಣಿ ಆದ ಕಚೇರಿಯಲ್ಲಿ ಇನ್ನೊಂದು ಪ್ರತಿ ಕೊಡುತ್ತಾರೆ. ಹುಡುಗನ ಆಧಾರ್, ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆ, ನಿಮ್ಮ ರೇಷನ್ ಕಾರ್ಡು, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಸ್ಪತ್ರೆಯ ಎಲ್ಲ ಚೀಟಿ, ಮೆಡಿಕಲ್ ಬಿಲ್ಲು. ಬಿಲ್ಲುಗಳನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ, ಅಕ್ಷರ ಬೇಗ ಮಾಸಿಹೋಗುತ್ತದೆ. ಆದಾಯ ಪತ್ರಕ್ಕೆ ಮೊದಲು ಅರ್ಜಿ ಹಾಕಿ, ತಡ ಆಗುವುದು ಅದೇ.